ಬೀದಿಯ ಉಣ್ಣಿ, ಬಯಲಿನ ನರಿ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಉರಿಗಾಂ ದಾಟಿದ ಮೇಲೆ ‘ಚಾಂಪಿಯನ್’ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆಂದು ಹೆಸರಾಗಿದ್ದ ಚಾಂಪಿಯನ್ ರೀಫ್ಸ್ ಇರುವುದು ಇಲ್ಲೇ. ನೆಲದಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದ ಗಣಿ ಅದು. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಬಿದ್ದಿತು. ಮೇಲೆ ಉಳಿದದ್ದು ಮುಖ್ಯವಾಗಿ ಎರಡು. ಒಂದು, ಚಿನ್ನ ಸೋಸಿ ಚೆಲ್ಲಿದ ಬೂದು ಪುಡಿಯ ಬೆಟ್ಟಗಳು, ಊರಿನವರ ಬಾಯಲ್ಲಿ ‘ಸೈನೈಡ್ ದಿಬ್ಬ’. ಇನ್ನೊಂದು, ಗಣಿ ಕಾರ್ಮಿಕರ ಸಾಲು ಸಾಲು ಮನೆಗಳು, ಅಂದರೆ ‘ಲೈನು’ಗಳು.

ದಿಬ್ಬಗಳ ಆಚೆಗಿನ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಕುರುಚಲು ಇರುವ ಕಡೆ ನರಿ, ಕಾಡುಬೆಕ್ಕು, ಮುಂಗುಸಿಗಳಿಗೆ ಜಾಗ. ಲೈನುಗಳಲ್ಲಿ ನಾಯಿಗಳಿವೆ: ಸಾಕಿದವು, ಸಾಕಿ ಬಿಟ್ಟವು, ಯಾರೂ ಸಾಕದೆ ಎಲ್ಲರ ಮನೆಯ ತಂಗಳು ತಿಂದು ಬೆಳೆದವು. ಹಗಲಿಡೀ ಬೀದಿಯಲ್ಲಿ ಮಲಗುವ ನಾಯಿ ರಾತ್ರಿ ಬಯಲಿಗೆ ಹೋಗುತ್ತದೆ. ಹಗಲಿಡೀ ಬಿಲದಲ್ಲಿ ಮಲಗುವ ನರಿ ರಾತ್ರಿ ಊರಂಚಿನ ಕಸದ ರಾಶಿಗೆ ಬರುತ್ತದೆ. ಎರಡೂ ಒಂದನ್ನೊಂದು ಕಂಡರೆ ದೂರ ನಿಲ್ಲುವ ಪ್ರಾಣಿಗಳೇ. ಆದರೂ ಅವುಗಳ ನಡುವೆ ರಕ್ತಸಂಬಂಧ ಕುದುರಿಸುವ ದಲ್ಲಾಳಿ ಒಂದಿದೆ. ಅದೇ ಉಣ್ಣಿ.

ಮಲೆನಾಡಿನವರು ಇದನ್ನು ಉಣುಗು ಎನ್ನುತ್ತಾರೆ. ಕನ್ನಡದ ಉಣ್ಣಿ ತಮಿಳಿನಲ್ಲೂ ಉಣ್ಣಿಯೇ. ಕೆ.ಜಿ.ಎಫ್.ನಂಥ ಹಲವು ಭಾಷೆಗಳ ಊರಿನಲ್ಲಿ ಈ ಒಂದು ಪದಕ್ಕಂತೂ ಜಗಳವಿಲ್ಲ. ಉಣ್ಣುವುದೇ ಕಸುಬಾದ ಜೀವಿಗೆ ಆ ಹೆಸರು ಒಪ್ಪುತ್ತದೆ ಕೂಡ. ಹೊಟ್ಟೆ ತುಂಬಿದ ಉಣ್ಣಿಯನ್ನು ನೋಡಿದವರಿಗೆ ಹರಳು ಬೀಜದ ನೆನಪಾಗುತ್ತದೆ. ಹರಳು ಗಿಡಕ್ಕೆ ಸಸ್ಯವಿಜ್ಞಾನಿಗಳು ಇಟ್ಟ ಹೆಸರು ‘ರಿಸಿನಸ್’. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಉಣ್ಣಿ ಎಂದೇ ಅರ್ಥ!

ಉಣ್ಣಿ ಕೀಟವಲ್ಲ. ಬೇಕಾದರೆ ಕಾಲುಗಳನ್ನು ಎಣಿಸಿ ನೋಡಿ, ಎಂಟು. ಜೇಡ, ಚೇಳುಗಳ ದಾಯಾದಿ ಅದು. ಮೊಟ್ಟೆಯೊಡೆದು ಬಂದ ಮರಿಗೆ ಮಾತ್ರ ಆರೇ ಕಾಲು. ನಮ್ಮ ಬೀದಿನಾಯಿಯ ಕಿವಿಯೊಳಗೆ, ಬೆರಳ ಸಂದಿನಲ್ಲಿ ಕಾಣುವ ಕಂದು ಬಣ್ಣದ ಉಣ್ಣಿಗೆ ‘ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್’ ಎಂಬ ಉದ್ದನೆಯ ಹೆಸರಿದೆ. ನಾವು ಕಂದು ನಾಯಿ-ಉಣ್ಣಿ ಎನ್ನೋಣ. ನಾಯಿ ಹೋದಲ್ಲೆಲ್ಲ ಹೋಗಿ, ಬೆಚ್ಚಗಿರುವ ಎಲ್ಲ ದೇಶಗಳಲ್ಲೂ ಮನೆ ಮಾಡಿಕೊಂಡ ಜೀವಿ ಇದು.

‘ಮನೆ ಮಾಡಿಕೊಂಡ’ ಎಂಬುದು ಬರಿಯ ಅಲಂಕಾರದ ಮಾತಲ್ಲ. ಉಣ್ಣಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಡು, ಹುಲ್ಲು, ದರಗೆಲೆ. ಈ ಉಣ್ಣಿಗೆ ಅವು ಯಾವುವೂ ಬೇಕಿಲ್ಲ. ಇದರ ಕಾಡು ಗೋಡೆಯ ಬಿರುಕು. ಇದು ಬದುಕಿನಲ್ಲಿ ಮೂರು ಸಲ ಉಣ್ಣುತ್ತದೆ. ಮರಿಯಾಗಿದ್ದಾಗ ಒಮ್ಮೆ, ಎಳೆಯ ಪ್ರಾಯದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಪ್ರತಿ ಊಟವೂ ಹಲವು ದಿನದ್ದು. ಪ್ರತಿ ಊಟದ ನಂತರವೂ ನಾಯಿಯ ಮೈಯಿಂದ ಉದುರಿ, ಗೋಡೆ ಹತ್ತಿ, ಸಂದಿ ಹುಡುಕಿಕೊಂಡು, ಅಲ್ಲಿ ಪೊರೆ ಕಳಚುತ್ತದೆ. ಮತ್ತೆ ಹಸಿವಾದಾಗ ಇಳಿದು ಬಂದು ಸಿಕ್ಕಿದ ನಾಯಿಯನ್ನು ಹತ್ತುತ್ತದೆ. ಅದು ಮೊದಲಿನ ನಾಯಿಯೇ ಆಗಬೇಕೆಂದಿಲ್ಲ. ಕೊನೆಯ ಊಟ ಮುಗಿಸಿದ ಹೆಣ್ಣು ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಒಂದೇ ಹೆಣ್ಣು ನಾಲ್ಕು ಸಾವಿರದವರೆಗೆ ಇಟ್ಟದ್ದಿದೆ. ಬೆಚ್ಚನೆಯ ಹವೆಯಲ್ಲಿ ಎರಡು-ಮೂರು ತಿಂಗಳಿಗೆ ಒಂದು ತಲೆಮಾರು. ನಾಯಿ ಸಿಗದಿದ್ದರೆ? ಬೆಳೆದ ಉಣ್ಣಿ ಒಂದು ವರ್ಷಕ್ಕೂ ಮಿಕ್ಕಿ ಉಪವಾಸ ಕೂರಬಲ್ಲದು.

ಈಗ ಚಾಂಪಿಯನ್ ರೀಫ್ಸ್‌ನ ಗೋಡೆಗಳನ್ನು ನೆನೆಯಿರಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಆಳದ ಬಂಡೆಗಳು ಒತ್ತಡ ತಾಳಲಾರದೆ ಸಿಡಿಯುತ್ತಿದ್ದವು. ನೆಲದ ಮೇಲಿನ ಮನೆಗಳಿಗೂ ಅದರ ಅದುರು ತಟ್ಟುತ್ತಿತ್ತು. ಬಂಡೆಯ ಸಿಡಿತವನ್ನು ಅರಿಯುವುದು ಇಲ್ಲಿ ಎಷ್ಟು ಅಗತ್ಯವಾಗಿತ್ತೆಂದರೆ, 1988ರಲ್ಲಿ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಈ ಊರಿನಲ್ಲೇ ಶುರುವಾಯಿತು. ಆಮೇಲೆ ಗಣಿಯೂ ನಿಂತಿತು, ದುರಸ್ತಿಯೂ ನಿಂತಿತು. ಒತ್ತೊತ್ತಾಗಿ ನಿಂತ ಹಳೆಯ ಮನೆಗಳ ಸಾಲು, ಬಿರುಕು ಬಿಟ್ಟ ಗೋಡೆ, ಬಾಗಿಲಲ್ಲಿ ನಾಯಿ. ಕಂದು ನಾಯಿ-ಉಣ್ಣಿಗೆ ಇದಕ್ಕಿಂತ ಒಳ್ಳೆಯ ಬಡಾವಣೆ ಯಾವುದು?

*

ಉಣ್ಣಿ ರಕ್ತ ಕುಡಿಯುವುದಷ್ಟೇ ಆಗಿದ್ದರೆ ನಾಯಿ ಕೆರೆದುಕೊಂಡು ಸುಮ್ಮನಾಗುತ್ತಿತ್ತು. ಕುಡಿಯುವಾಗ ಅದು ತನ್ನ ಜೊಲ್ಲನ್ನು ಒಳಗೆ ಬಿಡುತ್ತದೆ. ಜೊಲ್ಲಿನ ಜೊತೆಗೆ ಹೋಗುವ ಪ್ರಯಾಣಿಕರಲ್ಲಿ ಮುಖ್ಯವಾದ ಒಂದು ಬ್ಯಾಕ್ಟೀರಿಯಾದ ಹೆಸರು ‘ಎರ್ಲಿಕಿಯಾ ಕೇನಿಸ್’. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ದಕ್ಷಿಣ ಭಾರತದ ಮೊದಲ ವರದಿ 1944ರದು. ಮದರಾಸಿನ ಪಶುವೈದ್ಯ ಮುದಲಿಯಾರ್ ಅದನ್ನು ಪ್ರಕಟಿಸಿದರು. ಅಂದರೆ ನಮ್ಮ ಕಡೆ ಇದು ನಿನ್ನೆ ಮೊನ್ನೆ ಬಂದ ಕಾಯಿಲೆಯಲ್ಲ. ಆದರೆ ಜಗತ್ತು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ವಿಯೆಟ್ನಾಂ ಯುದ್ಧದ ಸಮಯದಲ್ಲಿ. 1968ರಿಂದ ಮುಂದಿನ ಎರಡು ವರ್ಷಗಳಲ್ಲಿ ಅಮೆರಿಕದ ಸೇನೆಯ ನೂರಕ್ಕೂ ಹೆಚ್ಚು ನಾಯಿಗಳು ಮೂಗಿನಲ್ಲಿ ರಕ್ತ ಸುರಿಸಿಕೊಂಡು ಸತ್ತವು. ಹೆಚ್ಚಿನವು ಜರ್ಮನ್ ಶೆಫರ್ಡ್‌ಗಳು. ಗುಂಡು ತಾಗಿ ಅಲ್ಲ, ಉಣ್ಣಿ ಕಚ್ಚಿ.

ಈ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಜಾಗ ನೋಡಿ. ರೋಗಾಣುಗಳನ್ನು ನುಂಗಿ ಹಾಕಬೇಕಾದ ಬಿಳಿ ರಕ್ತಕಣದೊಳಕ್ಕೇ ನುಗ್ಗಿ ಅಲ್ಲೇ ಸಂಸಾರ ಹೂಡುತ್ತದೆ. ಪೊಲೀಸು ಠಾಣೆಯಲ್ಲೇ ಕಳ್ಳನ ಬಿಡಾರ! ರಕ್ತದ ಒಂದು ತೊಟ್ಟನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದೃಷ್ಟವಿದ್ದರೆ, ಕಣದೊಳಗೆ ಹಿಪ್ಪುನೇರಳೆ ಹಣ್ಣಿನಂಥ ಗೊಂಚಲು ಕಾಣುತ್ತದೆ. ಅದಕ್ಕೆ ‘ಮೋರುಲಾ’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಪುಟ್ಟ ಹಿಪ್ಪುನೇರಳೆ ಎಂದರ್ಥ. ರೇಷ್ಮೆಗೆ ಹೆಸರಾದ ಕೋಲಾರದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿಲೆ ಮೂರು ಹಂತಗಳಲ್ಲಿ ಬರುತ್ತದೆ. ಮೊದಲ ಕೆಲವು ವಾರ ಜ್ವರ, ಊಟ ಬಿಡುವುದು, ಸುಸ್ತು. ಎಷ್ಟೋ ನಾಯಿಗಳು ಇದರಿಂದ ತಾವಾಗಿಯೇ ಚೇತರಿಸಿಕೊಂಡಂತೆ ಕಾಣುತ್ತವೆ. ಮೋಸವಿರುವುದು ಇಲ್ಲೇ. ಎರಡನೆಯ ಹಂತದಲ್ಲಿ ನಾಯಿ ಓಡಾಡಿಕೊಂಡಿರುತ್ತದೆ, ಬೊಗಳುತ್ತದೆ, ಮರಿ ಹಾಕುತ್ತದೆ, ಆದರೆ ಬ್ಯಾಕ್ಟೀರಿಯಾ ಗುಲ್ಮದಲ್ಲಿ ಅವಿತು ಕೂತಿರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಮೂರನೆಯ ಹಂತಕ್ಕೆ ಹೋದ ನಾಯಿಯ ಮೂಳೆಮಜ್ಜೆ ಸೋತುಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿ ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಬರುತ್ತದೆ. ಇದರ ಜೊತೆಗೇ ‘ಅನಾಪ್ಲಾಸ್ಮಾ ಪ್ಲಾಟಿಸ್’ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಂದು ಹೆಪ್ಪುಗಟ್ಟಿಸುವ ಆ ಕಣಗಳನ್ನೇ ನೇರವಾಗಿ ಹಿಡಿಯುವುದೂ ಉಂಟು.

ಸೈನೈಡ್ ದಿಬ್ಬದ ನೆರಳಿನಲ್ಲಿ ಮೂಗಿನಿಂದ ರಕ್ತ ಸೋರಿಸಿಕೊಂಡು ಒಂದು ಪ್ರಾಣಿ ಸತ್ತು ಬಿದ್ದಿದ್ದರೆ ಯಾರ ಸಂಶಯವಾದರೂ ಮೊದಲು ದಿಬ್ಬದ ಮೇಲೇ ಹೋಗುವುದು ಸಹಜ. ಇಲ್ಲವೆಂದರೆ ಯಾರೋ ವಿಷ ಇಟ್ಟರೆಂದು. ದಿಬ್ಬದ ದೂಳು ಒಳ್ಳೆಯದೆಂದು ಯಾರೂ ಹೇಳುವುದಿಲ್ಲ. ಆದರೆ ಮೂಗಿನ ರಕ್ತಕ್ಕೆ ಉಣ್ಣಿಯೂ ಒಂದು ಕಾರಣವಾಗಿರಬಹುದು ಎಂಬುದು ತಲೆಯಲ್ಲಿರಬೇಕು. ದೂಳಿಗೆ ಮದ್ದಿಲ್ಲ, ಉಣ್ಣಿಯ ಕಾಯಿಲೆಗೆ ಮದ್ದಿದೆ. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧವನ್ನು ಪಶುವೈದ್ಯರು ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ. ಬೇಗ ಗುರುತಿಸಿದರೆ ನಾಯಿ ಉಳಿಯುತ್ತದೆ.

ನಾಯಿಯೇನೋ ಉಳಿಯುತ್ತದೆ. ನರಿಯನ್ನು ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ?

*

ನರಿ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಪ್ರಾಣಿಗಳನ್ನು. ಸಂಜೆ ಗುಂಪಾಗಿ ಊಳಿಡುವುದು ಗುಳ್ಳೆನರಿ. ಅದು ನಾಯಿಯ ತೀರ ಹತ್ತಿರದ ನೆಂಟ. ಬಯಲಿನಲ್ಲಿ ಬಿಲ ತೋಡಿಕೊಂಡು ಜೋಡಿಯಾಗಿ ಬಾಳುವ, ಬಾಲದ ತುದಿ ಕಪ್ಪಗಿರುವ, ಎರಡು-ಮೂರು ಕೆ.ಜಿ. ತೂಗುವ ಪುಟ್ಟ ಪ್ರಾಣಿ ಇನ್ನೊಂದು. ಅದನ್ನು ಬಯಲುನರಿ ಎನ್ನೋಣ. ಇಲಿ, ಗೆದ್ದಲು, ಮಿಡತೆ, ಎಲಚಿ ಹಣ್ಣು ಅದರ ಊಟ. ರೈತನಿಗೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲ.

ನಾಯಿಯ ಬ್ಯಾಕ್ಟೀರಿಯಾ ಇಂಥ ಪ್ರಾಣಿಗಳಿಗೆ ದಾಟುತ್ತದೆಯೆ? ದಾಟುತ್ತದೆ. ಇಸ್ರೇಲಿನ ಕಾಡಿನಲ್ಲಿರುವ ಗುಳ್ಳೆನರಿ ನಮ್ಮದರದೇ ಜಾತಿ. ಅವುಗಳ ರಕ್ತದಲ್ಲಿ ಎರ್ಲಿಕಿಯಾ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಇದ್ದದ್ದನ್ನು 1999ರಲ್ಲಿ ಅಲ್ಲಿನ ಪಶುವೈದ್ಯರು ಪ್ರಕಟಿಸಿದರು. ದಕ್ಷಿಣ ಇಟಲಿಯ ಕೆಂಪು ನರಿಗಳ ಗುಲ್ಮದಲ್ಲಿ, ಮೂಳೆಮಜ್ಜೆಯಲ್ಲಿ ಬ್ಯಾಕ್ಟೀರಿಯಾವೇ ಸಿಕ್ಕಿತು. ದಾಟಲು ಎರಡು ಪ್ರಾಣಿಗಳು ಮುಖಾಮುಖಿಯಾಗಬೇಕೆಂದೂ ಇಲ್ಲ. ನಾಯಿಯೊಂದು ನರಿಯ ಬಿಲದ ಬಾಯಲ್ಲಿ ಮೂಸಿ, ಒಂದು ಗಳಿಗೆ ಮಲಗಿ ಎದ್ದರೂ ಸಾಕು. ಉದುರಿದ ಉಣ್ಣಿಗೆ ಬಿಲವೂ ಒಂದು ಗೋಡೆಯ ಸಂದಿಯೇ. ಸತ್ತ ದನದ ಬಳಿ ಸರದಿಯಲ್ಲಿ ತಿಂದು ಹೋದರೂ ಸಾಕು. ಅವೆರಡರ ಮೈಮೇಲೂ ಕೂರುವ ಬೇರೆ ಉಣ್ಣಿಗಳೂ ಇವೆ. ಅವುಗಳಲ್ಲಿ ಕೆಲವು ಎಳೆತನದಲ್ಲಿ ಇಲಿಗಳ ಮೇಲೆ ಬೆಳೆದು, ದೊಡ್ಡದಾದ ಮೇಲೆ ಇಲಿ ಹಿಡಿಯುವ ಪ್ರಾಣಿಯನ್ನೇ ಹತ್ತುತ್ತವೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಯಾರು ಇಲ್ಲಿಯವರು, ಯಾರು ಹೊರಗಿನಿಂದ ಬಂದವರು? ಪರಿಸರ ವಿಜ್ಞಾನಿಗಳು ತಾನಾಗಿ ಬಾರದೆ ಮನುಷ್ಯನ ಕೈಹಿಡಿದು ಬಂದು, ಅಲ್ಲಿನ ಜೀವಿಗಳಿಗೆ ಕಂಟಕವಾದ ಪ್ರಾಣಿಯನ್ನು ‘ಆಕ್ರಮಣಕಾರಿ’ ಎನ್ನುತ್ತಾರೆ. ಜರ್ಮನಿಯಲ್ಲಿ 1934ರಲ್ಲಿ ಎಡರ್ ಸರೋವರದ ಬಳಿ ಬಿಟ್ಟ ಎರಡು ಜೋಡಿ ಅಮೆರಿಕದ ರಕೂನ್‌ಗಳ ಸಂತಾನ ಈಗ ಲಕ್ಷಗಳ ಲೆಕ್ಕದಲ್ಲಿದೆ. ಅಲ್ಲಿನ ಸಂಶೋಧಕರು ಸತ್ತ ನರಿಗಳ ಜೊತೆ ಸತ್ತ ರಕೂನ್‌ಗಳನ್ನೂ ತಂದು ಉಣ್ಣಿಯ ಬ್ಯಾಕ್ಟೀರಿಯಾ ಹುಡುಕುತ್ತಾರೆ. ಬಂದವನು ತನ್ನ ಗಂಟಿನಲ್ಲಿ ಹೊಸ ರೋಗ ತಂದನೆ, ಅಥವಾ ಇಲ್ಲಿಯ ರೋಗಕ್ಕೆ ಹೊಸ ಛತ್ರವಾದನೆ ಎಂಬುದು ಅವರ ಪ್ರಶ್ನೆ. ಎರಡೂ ಸಾಧ್ಯ, ಎರಡೂ ಅಪಾಯ.

ನಗಬೇಡಿ, ನಮ್ಮ ದೇಶದ ಪ್ರಾಣಿಯೊಂದೂ ಹೊರಗೆ ಹೋಗಿ ಇದೇ ಕೆಟ್ಟ ಹೆಸರು ಗಳಿಸಿದೆ. 1872ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಕಲ್ಕತ್ತದಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಕ್ಕೆ ಹಡಗಿನಲ್ಲಿ ಕರೆದೊಯ್ದರು. ಅಲ್ಲಿಂದ 1883ರಲ್ಲಿ ಹವಾಯಿಗೆ ಹೋದವು. ಇಲಿಯ ಜೊತೆ ಹಕ್ಕಿ, ಹಲ್ಲಿ, ಹಾವುಗಳನ್ನೂ ಮುಗಿಸತೊಡಗಿದವು. ನಮ್ಮಲ್ಲಿ ಹಾವಿನಿಂದ ಕಾಯುವವನೆಂದು ಮಾನ ಪಡೆದ ಪ್ರಾಣಿ ಅಲ್ಲಿ ಪೀಡೆ.

ನಾಯಿಯ ಕಥೆ ಇನ್ನೂ ತೊಡಕಿನದು. ಆಸ್ಟ್ರೇಲಿಯಾದ ಡಿಂಗೋ ನಾಯಿ ಸುಮಾರು 3,500 ವರ್ಷಗಳ ಹಿಂದೆ ಮನುಷ್ಯರ ಜೊತೆ ಸಮುದ್ರ ದಾಟಿ ಬಂದದ್ದು. ಅದು ದೇಶಿಯೋ ವಿದೇಶಿಯೋ ಎಂದು ಅಲ್ಲಿ ಇನ್ನೂ ವಾದ ನಡೆಯುತ್ತದೆ. ವಾದ ಮುಗಿಯುವ ಮೊದಲೇ 2020ರ ಮೇ ತಿಂಗಳಲ್ಲಿ ಎರ್ಲಿಕಿಯಾ ಕೇನಿಸ್ ಮೊದಲ ಬಾರಿಗೆ ಆ ದೇಶದ ನಾಯಿಗಳಲ್ಲಿ ಪತ್ತೆಯಾಯಿತು. ಕಂದು ನಾಯಿ-ಉಣ್ಣಿ ಅಲ್ಲಿ ಮೊದಲೇ ಇತ್ತು, ಕಾಯಿಲೆ ಇರಲಿಲ್ಲ. ಹಳಿ ಹಾಕಿತ್ತು, ರೈಲು ಬಂದಿರಲಿಲ್ಲ. ಬಂದ ಕೂಡಲೇ ಉತ್ತರದ ಮೂಲನಿವಾಸಿಗಳ ಹಳ್ಳಿಗಳಲ್ಲಿ ನಾಯಿಗಳು ಸಾಯತೊಡಗಿದವು.

ನಮ್ಮಲ್ಲಿ ನಾಯಿ ಹೊರಗಿನದು ಎಂದರೆ ಯಾರೂ ಒಪ್ಪುವುದಿಲ್ಲ. ಸಾವಿರಾರು ವರ್ಷಗಳಿಂದ ನಮ್ಮ ಅಂಗಳದಲ್ಲಿದೆ. ಅಂಗಳದಲ್ಲಿ ಇರುವವರೆಗೆ ಸರಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 1.53 ಕೋಟಿ ಬೀದಿನಾಯಿಗಳಿದ್ದವು. ಅವುಗಳಲ್ಲಿ ಕರ್ನಾಟಕದ ಪಾಲು 11.4 ಲಕ್ಷ. ಈ ಸಂಖ್ಯೆ ಬೆಳೆದದ್ದು ನಾಯಿಯ ಬೇಟೆಯ ಬಲದಿಂದಲ್ಲ, ನಮ್ಮ ಕಸದಿಂದ. ಬಯಲಿನಲ್ಲಿ ಇಲಿ-ಮೊಲ ಕಡಿಮೆಯಾದರೆ ನರಿಗಳೂ ಕಡಿಮೆಯಾಗುತ್ತವೆ, ಅದು ಪ್ರಕೃತಿಯ ಲೆಕ್ಕ. ನಾಯಿಗೆ ಆ ಲೆಕ್ಕವಿಲ್ಲ. ಅದರ ಊಟ ಕೋಳಿ ಅಂಗಡಿಯ ಹಿಂದೆ, ಛತ್ರದ ಹಿಂದೆ ದಿನವೂ ಸಿದ್ಧ. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಭಾರತದಲ್ಲಿ ನಾಯಿಗಳ ದಾಳಿಗೆ ಸಿಕ್ಕಿದ 80 ಜಾತಿಯ ವನ್ಯಜೀವಿಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 31 ಅಪಾಯದ ಅಂಚಿನ ಕೆಂಪು ಪಟ್ಟಿಯಲ್ಲಿದ್ದವು. ಅದು ಹಲ್ಲಿನ ಲೆಕ್ಕ. ಉಣ್ಣಿಯ ಲೆಕ್ಕ ಬೇರೆ.

*

‘ಎರ್ಲಿಕಿಯಾದಿಂದ ನರಿಯ ಸಂತಾನವೇ ಅಳಿದದ್ದುಂಟೆ?’ ಎಂದು ಕೇಳುವವರಿದ್ದಾರೆ. ಕಾಡಿನ ಪ್ರಾಣಿಯನ್ನು ಒಂದೇ ರೋಗ ಒಂಟಿಯಾಗಿ ಮುಗಿಸುವುದು ಅಪರೂಪ. ಎರಡು ಮೂರು ಕಷ್ಟಗಳು ಒಟ್ಟಿಗೆ ಬಂದಾಗ ಆಗುವುದನ್ನು ಆಫ್ರಿಕ ನಮಗೆ ತೋರಿಸಿದೆ.

1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಮೂರರಲ್ಲಿ ಒಂದು ಸಿಂಹ ಸತ್ತಿತು. ಒಟ್ಟು ಸುಮಾರು ಸಾವಿರ. ಕಾರಣ ನಾಯಿಗಳಿಂದ ಬಂದ ಡಿಸ್ಟೆಂಪರ್ ವೈರಸ್ ಎಂದು ಗೊತ್ತಾಯಿತು. ಆದರೆ ಅದೇ ವೈರಸ್ ಬೇರೆ ವರ್ಷಗಳಲ್ಲಿ ಬಂದಾಗ ಸಿಂಹಗಳು ಸತ್ತಿರಲಿಲ್ಲ. ಏಕೆ? ಉತ್ತರ ಸಿಕ್ಕಿದ್ದು 2008ರಲ್ಲಿ. ಆ ಸಲ ಭೀಕರ ಬರಗಾಲವಿತ್ತು. ಬರದಿಂದ ಬಡವಾದ ಕಾಡೆಮ್ಮೆಗಳ ಮೈತುಂಬ ಉಣ್ಣಿ. ಅವನ್ನು ಸುಲಭವಾಗಿ ಹಿಡಿದು ತಿಂದ ಸಿಂಹಗಳಿಗೂ ಉಣ್ಣಿ. ಉಣ್ಣಿಯಿಂದ ಬಬೇಸಿಯಾ ಎಂಬ ರೋಗಾಣು ರಕ್ತಕ್ಕೆ ಇಳಿದಿತ್ತು. ಇದು ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾದ ಬಳಗದ್ದು. ಆದರೆ ಬರುವ ದಾರಿ ಒಂದೇ. ವೈರಸ್ ಮೈಯ ಕಾವಲನ್ನು ಕಿತ್ತು ಹಾಕಿತು, ಉಣ್ಣಿಯ ರೋಗ ಒಳನುಗ್ಗಿ ಮುಗಿಸಿತು. ನಮ್ಮ ಗುಜರಾತಿನ ಗಿರ್ ಕಾಡಿನಲ್ಲಿ 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ 23 ಸಿಂಹಗಳು ಒಂದರ ಹಿಂದೊಂದು ಸತ್ತಾಗಲೂ ಪರೀಕ್ಷೆಯಲ್ಲಿ ಕಂಡದ್ದು ಇದೇ ಜೋಡಿ: ಡಿಸ್ಟೆಂಪರ್ ಮತ್ತು ಬಬೇಸಿಯಾ.

ವೈರಸ್, ಉಣ್ಣಿ, ಬರ. ಮೂರನೆಯದನ್ನು ಕೋಲಾರದವರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಮೊದಲನೆಯದರ ಬಗ್ಗೆ ನಮ್ಮ ನೆರೆಯ ಮಹಾರಾಷ್ಟ್ರದ ಲೆಕ್ಕವಿದೆ. ಸೊಲ್ಲಾಪುರದ ಹತ್ತಿರದ ನಾನ್ನಜ್ ಹುಲ್ಲುಗಾವಲಿನಲ್ಲಿ ವಿಜ್ಞಾನಿಗಳು ಹಳ್ಳಿನಾಯಿಗಳ ಮತ್ತು ಬಯಲುನರಿಗಳ ರಕ್ತ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಯಿಗಳಲ್ಲಿ ಹತ್ತಕ್ಕೆ ಒಂಬತ್ತು ಡಿಸ್ಟೆಂಪರ್, ಪಾರ್ವೋದಂಥ ವೈರಸ್ಸುಗಳ ಸಂಪರ್ಕಕ್ಕೆ ಬಂದಿದ್ದವು. ನರಿಗಳಲ್ಲಿ ಆ ಪ್ರಮಾಣ ತೀರ ಕಡಿಮೆ. ‘ಹಾಗಾದರೆ ನರಿಗಳು ಆರೋಗ್ಯವಾಗಿವೆ’ ಎಂದು ಸಮಾಧಾನ ಪಡಬೇಡಿ. ಪ್ರತಿಕಾಯ ಇಲ್ಲ ಎಂದರೆ ಎರಡು ಅರ್ಥ. ರೋಗ ತಗಲಿಲ್ಲ, ಅಥವಾ ತಗಲಿದವು ರಕ್ತ ಕೊಡಲು ಉಳಿದಿಲ್ಲ. ಊರಿನ ನಾಯಿ ರೋಗದ ಕಣಜ, ಬಯಲಿನ ನರಿ ಒಣಹುಲ್ಲು. ನಡುವೆ ಕಿಡಿ ಬೀಳದಂತೆ ನೋಡಿಕೊಳ್ಳುವುದಷ್ಟೇ ಉಪಾಯ.

ಕೆ.ಜಿ.ಎಫ್.ನಲ್ಲಿ ಈ ಎರಡರ ನಡುವಿನ ಅಂತರ ಇನ್ನಷ್ಟು ಕಿರಿದಾಗುವ ಕಾಲ ಬರುತ್ತಿದೆ. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಇದೆ. ಅದರಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸವಿಲ್ಲದ ಊರಿಗೆ ಕೆಲಸ ಬಂದರೆ ಸಂತೋಷವೇ. ಎರಡು ದಶಕ ಬೆಂಗಳೂರಿಗೆ ರೈಲು ಹತ್ತಿ ಹೊಟ್ಟೆ ಹೊರೆದ ಜನ ಅದಕ್ಕೆ ಕಾದಿದ್ದಾರೆ. ಆದರೆ ದಿಬ್ಬ ಅಗೆಯುವಾಗ ಲಾರಿ ಬರುತ್ತದೆ, ಶೆಡ್ಡು ಬರುತ್ತದೆ, ಶೆಡ್ಡಿನ ಹಿಂದೆ ಅಡುಗೆ, ಅಡುಗೆಯ ಹಿಂದೆ ಎಂಜಲು, ಎಂಜಲಿನ ಹಿಂದೆ ನಾಯಿ, ನಾಯಿಯ ಕಿವಿಯಲ್ಲಿ ಉಣ್ಣಿ. ಕುರುಚಲಿನಲ್ಲಿ ಬಿಲ ತೋಡಿದ್ದ ಪ್ರಾಣಿ ಸರಿದು ಹೋಗಲು ಜಾಗ ಇರುವುದಿಲ್ಲ. ಯೋಜನೆಯ ಕಾಗದದಲ್ಲಿ ದೂಳು, ನೀರು, ಸದ್ದಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಎಂಜಲನ್ನು ಎಲ್ಲಿ ಹಾಕುತ್ತೇವೆ ಎಂಬ ಒಂದು ಸಾಲನ್ನೂ ಬರೆಸಿಕೊಳ್ಳಬೇಕು.

*

ಇದೆಲ್ಲ ನರಿಯ ಚಿಂತೆ, ನಮಗೇನು ಎನ್ನುವವರಿಗೆ ಒಂದು ಮಾತು. ಅದೇ ಕಂದು ನಾಯಿ-ಉಣ್ಣಿ ಮನುಷ್ಯನಿಗೆ ತರುವ ಜ್ವರ ಒಂದಿದೆ. ‘ಭಾರತೀಯ ಉಣ್ಣಿ ಟೈಫಸ್’ ಎಂದು ಅದರ ಹೆಸರು. ಅದಕ್ಕೆ ಕಾರಣವಾದ ರಿಕೆಟ್ಸಿಯಾ ಬ್ಯಾಕ್ಟೀರಿಯಾವನ್ನು 1950ರಲ್ಲಿ ನಮ್ಮ ದೇಶದ ನಾಯಿ-ಉಣ್ಣಿಯಿಂದಲೇ ಬೇರ್ಪಡಿಸಿದ್ದರು. ಎರ್ಲಿಕಿಯಾ ತಾಯಿ ಉಣ್ಣಿಯಿಂದ ಮೊಟ್ಟೆಗೆ ಹೋಗುವುದಿಲ್ಲ. ಈ ರಿಕೆಟ್ಸಿಯಾ ಹೋಗುತ್ತದೆ. ಅಂದರೆ ಹುಟ್ಟುವ ಮರಿಯೇ ರೋಗ ಹೊತ್ತು ಹುಟ್ಟಬಹುದು. ಜೋರು ಜ್ವರ, ತಲೆನೋವು, ಮೈಕೈ ನೋವು, ಕೆಲವು ದಿನಗಳಲ್ಲಿ ಅಂಗೈ ಅಂಗಾಲಿನಲ್ಲೂ ಏಳುವ ಕೆಂಪು ಗಂಧೆ ಇದರ ಲಕ್ಷಣ. ಡೆಂಗೆ ಎಂದೋ ಟೈಫಾಯ್ಡ್ ಎಂದೋ ತಪ್ಪು ತಿಳಿಯುವುದು ಸುಲಭ. ಸರಿಯಾಗಿ ಗುರುತಿಸಿದರೆ ಇದಕ್ಕೂ ಅದೇ ಡಾಕ್ಸಿಸೈಕ್ಲಿನ್.

ಮಂಗನ ಕಾಯಿಲೆಯಿಂದಾಗಿ ಕರ್ನಾಟಕದವರಿಗೆ ಉಣುಗು ಎಂದರೆ ಮಲೆನಾಡು ಎಂಬ ಕಲ್ಪನೆ ಬೇರೂರಿದೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಕಂಡುಬಂದ ಆ ವೈರಸ್ ರೋಗದ ಉಣುಗು ಬೇರೆ. ಹೀಗಾಗಿ ಜ್ವರ ಬಂದವರನ್ನು ‘ಕಾಡಿಗೆ ಹೋಗಿದ್ದಿರಾ?’ ಎಂದು ಕೇಳುತ್ತಾರೆ. ಬಯಲುಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಮನೆಯಲ್ಲಿ, ಓಣಿಯಲ್ಲಿ ನಾಯಿ ಇದೆಯೆ? ಉಣ್ಣಿ ಕಚ್ಚಿತ್ತೆ?’ ಎಂಬುದು. ವೈದ್ಯರು ಕೇಳದಿದ್ದರೆ ನೀವೇ ಹೇಳಿ. ನಾಯಿಯ ಉಣ್ಣಿಯನ್ನು ಬೆರಳಿನಲ್ಲಿ ಹಿಸುಕುವ ಅಭ್ಯಾಸ ಮಕ್ಕಳಿಗೆ ಬೇಡ. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೆಟ್ಟಗೆ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಕಿತ್ತದ್ದನ್ನು ಸೋಪಿನ ನೀರಿಗಲ್ಲ, ಸ್ಪಿರಿಟ್ಟಿಗೆ ಹಾಕಿ. ಆಮೇಲೆ ಕೈ ತೊಳೆಯಿರಿ.

ಇನ್ನು ಮಾಡಬೇಕಾದ್ದೇನು? ನಾಯಿಗಳನ್ನೆಲ್ಲ ಹಿಡಿದು ದೂರದ ಬಯಲಿಗೆ ಬಿಟ್ಟು ಬರೋಣ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದಕ್ಕಿಂತ ಕೆಟ್ಟ ಉಪಾಯವಿಲ್ಲ. ಬೀದಿಯ ಉಣ್ಣಿಯನ್ನು ನರಿಯ ಬಿಲದ ಬಾಗಿಲಿಗೆ ನಾವೇ ಕೊಂಡೊಯ್ದು ಕೊಟ್ಟಂತೆ. ವಿಷ ಇಡುವುದಂತೂ ಅಪರಾಧ. ಆ ವಿಷದ ತುತ್ತು ಮೊದಲು ಸೇರುವುದು ನರಿಯ ಹೊಟ್ಟೆಯನ್ನೇ.

2023ರ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಹುಚ್ಚುನಾಯಿ ರೋಗದ ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ. ನಾಯಿಯನ್ನು ಹೇಗೂ ಹಿಡಿದು, ಮೇಜಿನ ಮೇಲೆ ಮಲಗಿಸಿರುತ್ತಾರೆ. ಅದೇ ಹೊತ್ತಿಗೆ ಉಣ್ಣಿಯ ಔಷಧವನ್ನೂ ಕೊಟ್ಟರೆ ಹೆಚ್ಚಿನ ಖರ್ಚು ಅಷ್ಟಿಷ್ಟೇ. ಕಿವಿಯಂಚಿನ ಒಂದು ತೊಟ್ಟು ರಕ್ತವನ್ನು ಗಾಜಿಗೆ ಸವರಿಟ್ಟರೆ ಹಿಪ್ಪುನೇರಳೆಯ ಗೊಂಚಲು ಯಾವ ಓಣಿಯಲ್ಲಿ ಹೆಚ್ಚು ಎಂಬ ನಕ್ಷೆಯೇ ಸಿಗುತ್ತದೆ. ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ನರಿ, ಕಾಡುಬೆಕ್ಕು, ಮುಂಗುಸಿಗಳನ್ನು ಅರಣ್ಯ ಇಲಾಖೆ ಹೂಳುವ ಮೊದಲು ಗುಲ್ಮದ ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ನಕ್ಷೆಯ ಇನ್ನರ್ಧವೂ ತುಂಬುತ್ತದೆ. ಸತ್ತ ಪ್ರಾಣಿಯ ಸಾಕ್ಷ್ಯ ವ್ಯರ್ಥವಾಗಬಾರದು.

ಇದು ಹಗಲುಗನಸೇನೂ ಅಲ್ಲ, ಕೋಲಾರಕ್ಕೆ ಹೊಸತೂ ಅಲ್ಲ. 1966ರಲ್ಲಿ ಈ ಜಿಲ್ಲೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತ್ತು. ಆಮೇಲೆ 1994ರ ಸೂರತ್‌ವರೆಗೆ ದೇಶದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಾಗೆಂದು ಯಾರೂ ಕಣ್ಣು ಮುಚ್ಚಲಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಈ ಗಡಿಯಲ್ಲಿ ಬೆಂಗಳೂರಿನ ಪ್ಲೇಗ್ ಕಾವಲು ಘಟಕದವರು ಇಲಿ-ಹೆಗ್ಗಣಗಳನ್ನು ಹಿಡಿದು, ನಾಯಿಗಳ ರಕ್ತವನ್ನೂ ತೆಗೆದು ಪರೀಕ್ಷಿಸುತ್ತ ಬಂದರು. ಇಲಿ ತಿಂದ ನಾಯಿಯ ರಕ್ತ ಇಲಿಗಳ ಲೋಕದ ಸುದ್ದಿ ಹೇಳುತ್ತದೆ. ಅಂಥದೇ ಕೆಲಸವನ್ನು ಉಣ್ಣಿಗೂ ಮಾಡಬಹುದು.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ಮನೆಯವರು ಮಾಡಬಹುದಾದ್ದು ಇನ್ನೂ ಸರಳ. ಹಿಂದೆ ಪೊಂಗಲ್ ಬಂತೆಂದರೆ, ದೀಪಾವಳಿ ಬಂತೆಂದರೆ ಮನೆ ಗುಡಿಸಿ, ಸಂದಿಗಳಿಗೆ ಗಾರೆ ಮೆತ್ತಿ, ಸುಣ್ಣ ಹೊಡೆಯುತ್ತಿದ್ದರು. ಹಬ್ಬದ ಚೆಂದಕ್ಕೆಂದು ಮಾಡಿದ ಆ ಕೆಲಸ ಉಣ್ಣಿಯ ಸಾವಿರಾರು ಮೊಟ್ಟೆಗಳಿಗೆ ಮುಚ್ಚಳ ಹಾಕುತ್ತಿತ್ತು. ಈಗ ಎಂಟು ವರ್ಷ ಬಾಳುವ ಬಣ್ಣ ಹಚ್ಚಿ ಬಿರುಕನ್ನು ಬಿರುಕಾಗಿಯೇ ಬಿಡುತ್ತೇವೆ. ನಾಯಿ ಮಲಗುವ ಜಾಗದ ಹಿಂದಿನ ಗೋಡೆಯನ್ನು ಒಮ್ಮೆ ನೋಡಿ. ನೆಲದಿಂದ ಮೊಳದೆತ್ತರದವರೆಗಿನ ಸಂದಿಗಳನ್ನೂ, ಸೂರಿನ ಕೆಳಗಿನ ಸಂದಿಗಳನ್ನೂ ಸುಣ್ಣ-ಸಿಮೆಂಟಿನಿಂದ ಮುಚ್ಚಿ. ನಾಯಿಗೆ ಹಾಕಿದ ಔಷಧ ಒಂದು ತಿಂಗಳಿಗೆ ಮುಗಿಯುತ್ತದೆ, ಮುಚ್ಚಿದ ಸಂದಿ ವರ್ಷಗಟ್ಟಲೆ ಇರುತ್ತದೆ. ಮಾಂಸದ ಅಂಗಡಿಯ ತ್ಯಾಜ್ಯ ಬಯಲಿಗೆ ಹೋಗದಂತೆ ವಾರ್ಡಿನ ಸಭೆಯಲ್ಲಿ ಒಂದು ಮಾತು ಆಡಿ.

ಬಯಲುನರಿಯ ಬಿಲಕ್ಕೆ ಸುಣ್ಣ ಹೊಡೆಯಲು ಆಗುವುದಿಲ್ಲ. ಅದಕ್ಕೆ ಮಾತ್ರೆ ನುಂಗಿಸಲೂ ಆಗುವುದಿಲ್ಲ. ಅದರ ಆರೋಗ್ಯಕ್ಕಾಗಿ ನಮ್ಮ ಕೈಲಾಗುವ ಕೆಲಸವೆಲ್ಲ ಇರುವುದು ನಮ್ಮ ಗೋಡೆಯಲ್ಲಿ, ನಮ್ಮ ಕಸದ ತೊಟ್ಟಿಯಲ್ಲಿ, ನಮ್ಮ ನಾಯಿಯ ಕಿವಿಯಲ್ಲಿ.